ಎಂಜಲು ಗಾಳಿ

ಫೋನು ಬಂದದ್ದು ಕಿಂಡಿ ಅಣೆಕಟ್ಟಿನ ಪಕ್ಕದ ಗೂಡಂಗಡಿಗೆ. ಅಂಗಡಿಯವ ರಿಸೀವರ್ ಕೈಯಲ್ಲಿ ಹಿಡಿದುಕೊಂಡೇ ಹೊಳೆಯ ಕಡೆಗೆ ಕೂಗಿದ.

"ವಸಂತಾ, ಕನ್ಯಾನದಿಂದ! ನಿನ್ನ ಮಾವ ಸುರಂಗದಲ್ಲಿ ಸಿಕ್ಕಿಬಿದ್ದಿದ್ದಾರಂತೆ. ಬಾವಿಗೆ ನೀರು ನುಗ್ಗಿದೆಯಂತೆ. ಮೂಸಾಕನನ್ನು ಕರಕೊಂಡು ಈಗಲೇ ಬರಬೇಕಂತೆ."

ವಸಂತ ಆಗಷ್ಟೇ ನೀರಿನಿಂದ ಮೇಲೆ ಬಂದಿದ್ದ. ಬೆಳ್ತಂಗಡಿ ಕಡೆಯ ಆ ಅಣೆಕಟ್ಟಿನ ಹಲಗೆಗೆ ಮರದ ಬೊಡ್ಡೆಯೊಂದು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುವುದಕ್ಕೆ ಅವನೂ ಮೂಸಾಕನೂ ಬೆಳಿಗ್ಗೆಯಿಂದ ಮುಳುಗುತ್ತಿದ್ದರು. ಸುದ್ದಿ ಕಿವಿಗೆ ಬಿದ್ದದ್ದೇ ಅವನು ಬೆನ್ನ ಮೇಲಿನ ಸಿಲಿಂಡರಿನ ಭಾರಕ್ಕೆ ಅಲ್ಲೇ ಮರಳಿನ ಮೇಲೆ ಕುಳಿತುಬಿಟ್ಟ. ಮೂಸಾಕ ಎರಡು ಸಿಲಿಂಡರುಗಳ ಮುಳ್ಳು ನೋಡಿದರು. ಎರಡರಲ್ಲೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಗಾಳಿ ಇತ್ತು. ಇನ್ನು ತುಂಬಿಸಬೇಕಾದರೆ ಮಂಗಳೂರಿಗೇ ಹೋಗಬೇಕು.

"ಸಾಕಾಗ್ತದಾ ಮೂಸಾಕ?"

"ಜೀಪು ಹತ್ತು," ಎಂದರು ಅವರು.

ನಮ್ಮ ಕಡೆ ಸುರಂಗ ಎಂದರೆ ರಾಜರು ತೋಡಿದ್ದಲ್ಲ. ನೀರಿಗಾಗಿ ಮುರಕಲ್ಲು ಎಂಬ ಕೆಂಪುಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಡ್ಡವಾಗಿ ಕೊರೆದ ದಾರಿ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಎರಡೂ ಭುಜ ಗೋಡೆಗೆ ತಾಗುವಷ್ಟು ಅಗಲ. ಒಳಗಿನ ಒರತೆ ತಾನಾಗಿ ಹೊರಗೆ ಹರಿದು ಬರಲಿ ಎಂದು ಒಳಕ್ಕೆ ಹೋದಷ್ಟೂ ನೆಲ ಸ್ವಲ್ಪ ಸ್ವಲ್ಪವೇ ಏರುತ್ತದೆ. ಮಾವ ಲೋಕಯ್ಯ ಅಂಥ ಸುರಂಗ ಕೊರೆಯುವುದರಲ್ಲೇ ಹಣ್ಣಾದವರು. ವಸಂತನ ತಾಯಿಯ ಅಣ್ಣ. ತಂದೆ ಇಲ್ಲದ ವಸಂತನಿಗೆ ಬಾವಿಗೆ ಇಳಿಯುವುದನ್ನೂ, ಕತ್ತಲೆಯಲ್ಲಿ ಕೈಯಿಂದ ಕಲ್ಲು ನೋಡುವುದನ್ನೂ ಕಲಿಸಿದವರು ಅವರೇ. ಮಾವನ ಎದುರು ವಸಂತ ಇವತ್ತಿಗೂ ಕುರ್ಚಿಯಲ್ಲಿ ಕೂರುವುದಿಲ್ಲ.

ಬಿ.ಸಿ. ರೋಡು ದಾಟಿ, ವಿಟ್ಲ ದಾಟಿ ಜೀಪು ಹೋಗುತ್ತಿದ್ದಾಗ ವಸಂತ ಹಿಂದಿನ ಸೀಟಿನಲ್ಲಿ ಎರಡು ಸಿಲಿಂಡರುಗಳನ್ನು ತಬ್ಬಿಕೊಂಡು ಕುಳಿತಿದ್ದ. ಅವು ಒಂದಕ್ಕೊಂದು ತಾಗಿ ಸದ್ದು ಮಾಡಿದಾಗಲೆಲ್ಲ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದ. ತೆರೆದ ಬಾವಿ ಅವನಿಗೆ ಹೆದರಿಕೆ ಅಲ್ಲ. ಎಷ್ಟೇ ಆಳವಾದರೂ ಮೇಲೆ ಒಂದು ಬಿಳಿ ತಟ್ಟೆಯ ಹಾಗೆ ಆಕಾಶ ಕಾಣುತ್ತದೆ. ತಲೆಯ ಮೇಲೆ ಕಲ್ಲು ಇರುವ ನೀರು ಅವನಿಗೆ ಆಗುತ್ತಿರಲಿಲ್ಲ. ಅಂಥಲ್ಲಿಗೆ ಅವನು ಈವರೆಗೆ ಹೋದವನೂ ಅಲ್ಲ.

ಮೂಸಾಕ ನರಿಕೊಂಬಿನವರು. ಗಲ್ಫಿನಲ್ಲಿ ಹಡಗುಗಳ ಹೊಟ್ಟೆ ಉಜ್ಜುವ ಕೆಲಸದಲ್ಲಿ ವರ್ಷಗಟ್ಟಲೆ ನೀರಿನಡಿ ಇದ್ದು ಬಂದವರು. ಬೇರೆಯವರ ಗಂಡಂದಿರು ಚಿನ್ನ ತಂದರು, ಕಂಬಳಿ ತಂದರು, ತನ್ನ ಗಂಡ ಮಾತ್ರ ಕಬ್ಬಿಣದ ಅಂಡೆ ಹೊತ್ತುಕೊಂಡು ಬಂದರು ಎಂದು ಅವರ ಹೆಂಡತಿ ನಬೀಸಾ ಹಂಗಿಸುವುದುಂಟು. ಅಂಡೆಯ ಜೊತೆಗೆ ಅವರು ಒಂದು ಕಟ್ಟುಪಾಡನ್ನೂ ತಂದಿದ್ದರು. ಅಲ್ಲಿ ಮುಳುಗುವವರಲ್ಲಿ ಎರಡು ಪಂಗಡವಂತೆ. ಒಂದು ಪಂಗಡದವರು ಅವರವರಿಗೆ ಹಿಡಿಸಿದ ಹಾಗೆ ಸಲಕರಣೆ ಕಟ್ಟಿಕೊಳ್ಳುವವರು. ಇಲ್ಲೊಂದು ಕೊಕ್ಕೆ, ಅಲ್ಲೊಂದು ಚೀಲ, ಸಂತೆಗೆ ಹೊರಟ ಬಳೆಗಾರನ ಹಾಗೆ. ಇನ್ನೊಂದು ಪಂಗಡಕ್ಕೆ ಅದು ಕಣ್ಣಿಗೆ ಕಾಣಲಾಗದು. ಇಬ್ಬರು ಇಳಿದರೆ ಇಬ್ಬರ ಮೈಮೇಲೂ ಒಂದೇ ವಸ್ತು, ಅದೂ ಒಂದೇ ಜಾಗದಲ್ಲಿ ಇರಬೇಕು. ಬೇಡದ್ದು ಒಂದೂ ಇರಬಾರದು. ಕಣ್ಣು ಕಾಣದಿದ್ದರೂ ಇನ್ನೊಬ್ಬನ ಮೈಮೇಲೆ ಕೈ ಹಾಕಿದರೆ ಬೇಕಾದ್ದು ಸಿಗಬೇಕು. ಮೂಸಾಕ ಈ ಎರಡನೆಯ ಪಂಗಡದವರು. ಅದರಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡುವವರಲ್ಲ.

ಒಬ್ಬೊಬ್ಬನ ಸಿಲಿಂಡರಿನಿಂದ ಎರಡು ಪೈಪು ಬರುತ್ತವೆ, ಒಂದು ಉದ್ದದ್ದು, ಒಂದು ಗಿಡ್ಡದ್ದು. ಎರಡರ ತುದಿಯಲ್ಲೂ ಬಾಯಿಗೆ ಕಚ್ಚುವ ರಬ್ಬರು. ಕಟ್ಟುಪಾಡಿನ ಪ್ರಕಾರ ಉದ್ದದ್ದು ನಮ್ಮ ಬಾಯಿಯಲ್ಲಿ, ಗಿಡ್ಡದ್ದು ಕೊರಳಿನ ರಬ್ಬರು ಬಳ್ಳಿಯಲ್ಲಿ, ಗಲ್ಲದ ಕೆಳಗೆ. ಜೊತೆಯವನಿಗೆ ಗಾಳಿ ಮುಗಿದರೆ ನಮ್ಮ ಬಾಯಿಯಲ್ಲಿದ್ದ ಉದ್ದದ್ದನ್ನು ತೆಗೆದು ಅವನಿಗೆ ಕೊಡಬೇಕು. ನಾವು ಗಲ್ಲದ ಕೆಳಗಿನದ್ದಕ್ಕೆ ಬಾಯಿ ಹಾಕಬೇಕು.

ವಸಂತನಿಗೆ ಒಗ್ಗದೇ ಇದ್ದದ್ದು ಇದೊಂದೇ. ಅವನ ಮನೆಯಲ್ಲಿ ಚೊಂಬಿನ ನೀರನ್ನು ಕೂಡ ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಾರೆ. ತನ್ನ ಬಾಯಿಯ ಜೊಲ್ಲು ಹತ್ತಿದ್ದನ್ನು ತೆಗೆದು ಇನ್ನೊಬ್ಬರ ಬಾಯಿಗೆ ಇಡುವುದು ಹೇಗೆ? ಬೆಳುವಾಯಿಯ ಕಲ್ಲುಕೋರೆಯಲ್ಲಿ ಬಿದ್ದ ಪಂಪನ್ನು ಎತ್ತಲು ಹೋದ ದಿನ ಅವನು ಉದ್ದ ಪೈಪಿನ ತುದಿಯನ್ನು ತೊಳೆದು, ಒಗೆದ ಬೈರಾಸು ಟವೆಲಿನ ತುಂಡಿನಲ್ಲಿ ಸುತ್ತಿ, ಎದೆಯ ಪಟ್ಟಿಗೆ ಸಿಕ್ಕಿಸಿಕೊಂಡಿದ್ದ. ಉಸಿರಾಡುವುದಕ್ಕೆ ಗಿಡ್ಡದ್ದು. ಮೂಸಾಕ ಅದನ್ನು ನೋಡಿ ನಿಂತಲ್ಲೇ ನಿಂತರು.

"ಇದೆಂಥದು ಮಾರಾಯ? ಮದುಮಗನಿಗೆ ಮುಸುಕಾ?"

"ಕೊಡುವುದು ಶುದ್ಧ ಇರಲಿ ಅಂತ. ನಾಳೆ ನಿಮಗೇ ಬೇಕಾದೀತು. ನನ್ನ ಎಂಜಲು ಯಾಕೆ ನಿಮಗೆ?"

"ಎಂಜಲು ಆದರೇ ಅದರಲ್ಲಿ ಗಾಳಿ ಬರ್ತದೆ ಅಂತ ಗ್ಯಾರಂಟಿ. ಶುದ್ಧ ಇಟ್ಟದ್ದರ ಒಳಗೆ ಎಂಥ ಉಂಟು ಅಂತ ಯಾರಿಗೆ ಗೊತ್ತು? ಬಿಚ್ಚು."

ಬಿಚ್ಚಿದ್ದ. ಮುಂದಿನ ಸಲ ಮತ್ತೆ ಕಟ್ಟಿದ್ದ. ಹೀಗೆ ಬಿಚ್ಚುವುದು, ಕಟ್ಟುವುದು ಇಬ್ಬರ ನಡುವೆ ಒಂದು ತಮಾಷೆಯ ಹಾಗೆ ಆಗಿಹೋಗಿತ್ತು. ಗಾಳಿ ಕೊಡುವ ಸಂದರ್ಭ ಬಂದಿರಲಿಲ್ಲ, ಅಷ್ಟೆ.

ಗುಡ್ಡದ ಬುಡ ಮುಟ್ಟುವಾಗ ಬಿಸಿಲು ಇಳಿಯತೊಡಗಿತ್ತು. ಗೇರುಮರಗಳ ಕೆಳಗೆ ಜನ ತುಂಬಿದ್ದರು. ನಡೆದದ್ದು ಇಷ್ಟು: ತೋಟದ ಧಣಿಗಳು ಗುಡ್ಡದ ನೆತ್ತಿಯಲ್ಲಿ ಹೊಸದಾಗಿ ಕೆರೆ ತೋಡಿಸಿದ್ದರು. ಅದರ ಮಣ್ಣಿನ ಕಟ್ಟೆ ಒಡೆದು ಅಷ್ಟೂ ನೀರು ಕೆಳಗಿನ ಬಾವಿಗೆ ಧುಮುಕಿತ್ತು. ಆ ಬಾವಿಯ ತಳದ ಗೋಡೆಯಲ್ಲೇ ಸುರಂಗದ ಬಾಯಿ ಇತ್ತು. ಲೋಕಯ್ಯ ಸುರಂಗದ ಒಳಗೆ ಹೂಳು ತೆಗೆಯುತ್ತಿದ್ದರು. ಪಂಪು ಇಟ್ಟು ಎಳೆದರೂ ಮೇಲಿನಿಂದ ಇಳಿಯುವ ಕೆಸರು ನೀರು ನಿಂತಿರಲಿಲ್ಲ. ಬಂಟ್ವಾಳದಿಂದ ಬಂದ ಅಗ್ನಿಶಾಮಕದವರು ಹಗ್ಗ ಇಳಿಸಿ, ಸುರಂಗದ ಬಾಯಿ ನೀರಿನಡಿ ತುಂಬ ಕೆಳಗೆ ಉಂಟು ಎಂದು ಹೇಳಿ ಇನ್ನೊಂದು ದೊಡ್ಡ ಪಂಪಿಗೆ ಕಾಯುತ್ತಿದ್ದರು.

ಬಾವಿಯ ಮೆಟ್ಟಿಲಲ್ಲಿ ಲೋಕಯ್ಯನವರ ಹೆಂಡತಿ ಕಾವೇರಮ್ಮ ಕುಳಿತಿದ್ದರು. ಅವರ ಕಿವಿ ಗೋಡೆಯ ಕಲ್ಲಿಗೆ ಒತ್ತಿಕೊಂಡಿತ್ತು.

"ಅತ್ತೆ," ಎಂದ ವಸಂತ.

ಅವರು ಸುಮ್ಮನಿರು ಎಂದು ಕೈ ಎತ್ತಿದರು. ವಸಂತನೂ ಕಲ್ಲಿಗೆ ಕಿವಿ ಕೊಟ್ಟ. ಬಹಳ ದೂರದಿಂದ, ಬೇರೆ ಯಾವುದೋ ಊರಿನಿಂದ ಬಂದ ಹಾಗೆ, ಟಕ್... ಟಕ್... ಪಿಕ್ಕಾಸಿನ ಸದ್ದು. ಒಳಗೆ ಏರಿದ ನೆಲದ ಕೊನೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಆ ಗಾಳಿಯಲ್ಲಿ ಮಾವ ಇದ್ದಾರೆ.

"ಆಗ ಜೋರಾಗಿ ಕುಟ್ಟುತ್ತಿದ್ದರು," ಎಂದರು ಕಾವೇರಮ್ಮ. "ಈಗ ನಿಲ್ಲಿಸಿ ನಿಲ್ಲಿಸಿ ಕುಟ್ಟುತ್ತಾರೆ. ಬೇಗ ಹೋಗು ಮಗಾ."

ಮೂಸಾಕ ಜೀಪಿನ ಬಳಿಯೇ ವಸಂತನಿಗೆ ಎಲ್ಲ ಕಟ್ಟಿ, ಮುಟ್ಟಿ ಮುಟ್ಟಿ ನೋಡಿದರು. ಪಟ್ಟಿ, ಚಾಕು, ದೀಪ, ಉದ್ದ ಪೈಪು ಬಾಯಿಗೆ, ಗಿಡ್ಡದ್ದು ಗಲ್ಲದ ಕೆಳಗೆ. ಎಲ್ಲ ಸರಿ ಇತ್ತು.

"ಇಲ್ಲಿ ಕೇಳು. ಸುರಂಗ ನಿನಗೆ ಗೊತ್ತುಂಟು, ನೀನು ಮುಂದೆ. ನಾನು ಹಿಂದೆ. ಯಾವ ಕಾರಣಕ್ಕೂ ಒಬ್ಬನೇ ಹೋಗ್ಲಿಕ್ಕಿಲ್ಲ. ಗಾಳಿಯಲ್ಲಿ ಮೂರು ಪಾಲು. ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ, ಒಂದು ಇನ್ನೊಬ್ಬರಿಗೆ. ಬರುವಾಗ ಮಾವ ನಿನ್ನ ಮುಂದೆ. ಉದ್ದ ಪೈಪು ಅವರ ಬಾಯಿಗೆ. ಅಷ್ಟು ಇಕ್ಕಟ್ಟಿನಲ್ಲಿ ಒಬ್ಬರ ಹಿಂದೆ ಒಬ್ಬರು ಬರಬೇಕಾದರೆ ಉದ್ದದ್ದೇ ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು."

ಗೊತ್ತಾಗಿತ್ತು. ಆದರೆ ಮೆಟ್ಟಿಲು ಇಳಿಯುವಾಗ ಅವನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಮಾವನ ಬಾಯಿಗೆ, ಮಾವನ ಬಾಯಿಗೆ. ಕಾವೇರಮ್ಮನ ಪಕ್ಕದಲ್ಲಿ ಒಂದು ಕೊಡ ಕುಡಿಯುವ ನೀರು ಇತ್ತು. ಮೂಸಾಕ ದಾರಿಗೆಂದು ಒಳಗೆ ಎಳೆದೊಯ್ಯುವ ಹಗ್ಗದ ತುದಿಯನ್ನು ಬಾವಿಯ ಕಬ್ಬಿಣದ ಬಳೆಗೆ ಬಿಗಿಯುತ್ತಿದ್ದರು, ಬೆನ್ನು ಈ ಕಡೆಗಿತ್ತು. ವಸಂತ ಬಾಯಿಂದ ಉದ್ದದ್ದನ್ನು ತೆಗೆದು, ಕೊಡದ ನೀರಿನಲ್ಲಿ ತೊಳೆದು, ಸೊಂಟದಲ್ಲಿದ್ದ ಬಟ್ಟೆಯಲ್ಲಿ ಸುತ್ತಿ ಎದೆಯ ಪಟ್ಟಿಗೆ ಸಿಕ್ಕಿಸಿದ. ಗಿಡ್ಡದ್ದನ್ನು ಕಚ್ಚಿಕೊಂಡ. ಹೆದರಿದ ಮನುಷ್ಯನಿಗೆ ಗೊತ್ತಿರುವ ಒಂದು ಮರ್ಯಾದೆ ಹಿಡಿದುಕೊಂಡರೆ ಸ್ವಲ್ಪ ಧೈರ್ಯ. ಅಷ್ಟೇ ಅವನ ಲೆಕ್ಕ.

ನೀರಿನೊಳಗೆ ಮೊದಲು ಚಹಾದ ಬಣ್ಣ ಇತ್ತು. ಆಮೇಲೆ ಬಣ್ಣವೇ ಇರಲಿಲ್ಲ. ದೀಪ ಹಿಡಿದರೆ ಮೂಗಿನ ಮುಂದೆ ಒಂದು ಕೆಂಪು ಗೋಡೆ ನಿಂತ ಹಾಗೆ ಕಾಣುತ್ತಿತ್ತು. ಕೈಯಿಂದ ತಡವಿ ಸುರಂಗದ ಬಾಯಿ ಹುಡುಕಿದ. ಒಳಗೆ ತಲೆ ಹಾಕುವಾಗ ಸಿಲಿಂಡರು ಮೇಲಿನ ಕಲ್ಲಿಗೆ ತಾಗಿ ಠಣ್ ಎಂದಿತು. ಆ ಸದ್ದಿಗೆ ಅವನ ಉಸಿರು ಏರಿತು. ತನ್ನ ಉಸಿರಿನ ಗುಳ್ಳೆಗಳು ತಲೆಯ ಮೇಲಿನ ಮಾಡಿನ ಕಲ್ಲಿಗೆ ಬಡಿದು ಮಣ್ಣು ಉದುರಿಸುವುದು ಅವನಿಗೆ ಕೇಳುತ್ತಿತ್ತು. ನಿಧಾನ, ನಿಧಾನ ಎಂದು ಹೇಳಿಕೊಂಡ. ಎದೆ ಕೇಳಲಿಲ್ಲ. ನಾಯಿ ಏದುಸಿರು ಬಿಡುವ ಹಾಗೆ ಬಿಡುತ್ತಿದ್ದ. ಮೂಸಾಕನ ಕೈ ಅವನ ಕಾಲಿನ ಮೀನಖಂಡವನ್ನು ಹಿಡಿದಿತ್ತು. ಲೋಕದಲ್ಲಿ ಅವನಿಗೆ ಉಳಿದದ್ದು ಅದೊಂದೇ.

ಸ್ವಲ್ಪ ದೂರ ಹೋದ ಮೇಲೆ ಎರಡೂ ಗೋಡೆಗಳಿಂದ ಕರಿಕಲ್ಲು ಮುಂದೆ ಚಾಚಿದ ಜಾಗ ಬಂತು. ಮಾವ ಅದನ್ನು ಕಡಿಯಲಾಗದೆ ಬಿಟ್ಟದ್ದು. ವಸಂತ ಸಣಕಲ, ಒಂದು ಭುಜ ಮುಂದೆ ಮಾಡಿ ನುಸುಳಿದ. ಎದೆಯ ಮೇಲಿನ ಬಟ್ಟೆಯ ಗಂಟು ಕಲ್ಲಿಗೆ ಉಜ್ಜಿತು, ಏನೋ ಎಳೆದ ಹಾಗಾಯಿತು, ಬಿಟ್ಟುಕೊಂಡಿತು. ಕಾಲಿನ ಮೇಲಿನ ಕೈ ಜಾರಿತು. ಮೂಸಾಕ ಅಗಲದ ಆಸಾಮಿ, ಸಿಲಿಂಡರು ಬೇರೆ. ಅವರು ಒಮ್ಮೆ ನುಗ್ಗಿದರು, ಸಿಕ್ಕಿಕೊಂಡರು, ಹಿಂದಕ್ಕೆ ಬಿಡಿಸಿಕೊಂಡರು. ಇನ್ನೊಮ್ಮೆ ನೋಡಿದರು. ಆಮೇಲೆ ಆ ಕೈ ಮತ್ತೆ ಬಂದು ವಸಂತನ ಪಾದವನ್ನು ಗಟ್ಟಿಯಾಗಿ ಅದುಮಿತು. ಸ್ವಲ್ಪ ಹೊತ್ತು ಹಾಗೇ ಇತ್ತು. ಬಳಿಕ ಮುಂದಕ್ಕೆ ತಳ್ಳಿತು.

ಒಬ್ಬನೇ ಹೋಗ್ಲಿಕ್ಕಿಲ್ಲ ಎಂದವರೇ ತಳ್ಳಿದ್ದು.

ಅಲ್ಲಿಂದ ಮುಂದೆ ವಸಂತ ಹೇಗೆ ಹೋದ ಎಂಬುದು ಅವನಿಗೇ ನೆನಪಿಲ್ಲ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಗೋಡೆಯ ಮೇಲೆ. ಮೊಣಕೈ ಕೆಸರಿನಲ್ಲಿ ಹೂಳುತ್ತಿತ್ತು. ಹಿಂದಕ್ಕೆ ತಿರುಗುವಷ್ಟು ಅಗಲವೂ ಇಲ್ಲ ಎಂಬುದು ಮಾತ್ರ ಗೊತ್ತಿತ್ತು. ಇದ್ದಕ್ಕಿದ್ದ ಹಾಗೆ ತಲೆ ನೀರಿನಿಂದ ಹೊರಗೆ ಬಂತು, ಗೋಡೆಗಳೂ ಇಬ್ಬರು ತಿರುಗಿ ನಿಲ್ಲುವಷ್ಟು ಸರಿದಿದ್ದವು. ದೀಪ ದಾರಿಯಲ್ಲೆಲ್ಲೋ ಕೆಸರಿಗೆ ಬಿದ್ದುಹೋಗಿತ್ತು, ಕಣ್ಣಿಗೆ ಏನೂ ಕಾಣಲಿಲ್ಲ. ಪಕ್ಕದಲ್ಲೇ ಯಾರೋ ಉಸಿರಾಡುತ್ತಿದ್ದರು.

"ಯಾರು?"

"ನಾನು ಮಾವ, ವಸಂತ."

ಒಂದು ಕೈ ಬಂದು ಅವನ ಮುಖ ಸವರಿತು. ಕೈ ಐಸಿನ ಹಾಗೆ ತಣ್ಣಗಿತ್ತು.

"ನೀನ್ಯಾಕೆ ಬಂದೆ ಮಾರಾಯ, ಇಬ್ಬರೂ ಸಾಯ್ಲಿಕ್ಕಾ?" ಲೋಕಯ್ಯನವರ ಮಾತು ಕುಡಿದವರ ಹಾಗೆ ತೊದಲುತ್ತಿತ್ತು. ಅಲ್ಲಿದ್ದ ಗಾಳಿ ಮುಗಿಯುತ್ತಾ ಬಂದಿತ್ತು. ಎರಡು ಉಸಿರು ತೆಗೆಯುವಷ್ಟರಲ್ಲೇ ವಸಂತನ ತಲೆ ಭಾರವಾಯಿತು. "ನಿನ್ನ ಅತ್ತೆ ಎಂಥ ಮಾಡ್ತಾ ಇದ್ದಾಳೆ?"

"ಮೇಲೆ ಕೂತಿದ್ದಾರೆ. ಬೈತಾ ಇದ್ದಾರೆ."

"ಯಾರಿಗೆ?"

"ನಿಮಗೇ."

"ಹಾಗಾದ್ರೆ ಗಟ್ಟಿ ಉಂಟು ಅವಳು," ಎಂದು ಲೋಕಯ್ಯ ನಗಲು ಹೋಗಿ ಕೆಮ್ಮಿದರು.

ವಸಂತ ಎದೆಯ ಗಂಟು ಬಿಚ್ಚಿದ. ಬಟ್ಟೆ ಕೆಸರಿನಿಂದ ತೂಗುತ್ತಿತ್ತು. ಉದ್ದ ಪೈಪಿನ ರಬ್ಬರನ್ನು ಮಾವನ ಕೈಗೆ ಕೊಟ್ಟು, ಕಚ್ಚಿಕೊಳ್ಳಿ, ಮೂಗು ಕೈಯಲ್ಲಿ ಹಿಡಿಯಿರಿ, ಬಾಯಲ್ಲೇ ಉಸಿರು ಎಂದು ಹೇಳಿಕೊಟ್ಟ. "ತೊಳೆದದ್ದು ಮಾವ, ಶುದ್ಧ ಉಂಟು," ಎಂದೂ ಹೇಳಿದ. ಇಬ್ಬರೂ ಮುಳುಗಿದರು.

ಮುಳುಗಿದ ಕ್ಷಣಕ್ಕೇ ಮಾವನ ಮೈ ಮೀನಿನ ಹಾಗೆ ಬಡಿಯಿತು. ಮೊಣಕೈ ವಸಂತನ ಮುಖಕ್ಕೆ ಬಂತು, ಮುಳುಗುವ ಕನ್ನಡಕ ಕಿತ್ತುಹೋಯಿತು. ಕಾಲು, ಕೈ, ಕಲ್ಲು, ಯಾವುದು ಯಾವುದೆಂದು ಗೊತ್ತಾಗದೆ ಅವನು ಮಾವನ ಅಂಗಿ ಹಿಡಿದು ಮೇಲಕ್ಕೆ ಎಳೆದ. ಲೋಕಯ್ಯ ವಾಂತಿ ಮಾಡಿದ ಹಾಗೆ ಕೆಸರು ಕಾರಿದರು.

"ಗಾಳಿ ಅಲ್ಲ ಅದರಲ್ಲಿ... ಮಣ್ಣು... ಮಣ್ಣು ಬಂತು..."

ವಸಂತ ತಡವಿ ನೋಡಿದ. ಬಟ್ಟೆಯ ಹರಿದ ಅಂಚು ರಬ್ಬರಿನ ಕವಾಟದ ಸಂದಿಗೆ ಹೊಕ್ಕು ಕುಳಿತಿತ್ತು. ಎಳೆದರೆ ಅರ್ಧ ಬಂತು, ಅರ್ಧ ಒಳಗೇ ಉಳಿಯಿತು. ಅದರ ಮೇಲಿನ ಗಾಳಿ ಬಿಡುವ ಗುಂಡಿ ಒತ್ತಿದರೆ ಗಾಳಿ ಬುಸ್ ಎನ್ನುತ್ತಿತ್ತು, ಆದರೆ ಕವಾಟ ಮುಚ್ಚುತ್ತಿರಲಿಲ್ಲ. ನೀರಿನೊಳಗೆ ಹೋದರೆ ಗಾಳಿಯ ಜೊತೆ ಕೆಸರೂ ಬಾಯಿಗೆ. ಮುಚ್ಚಿಟ್ಟು ಕಾಪಾಡಿದ್ದು ಹೀಗಾಗಿತ್ತು.  

"ನನ್ನನ್ನು ಬಿಡು ಮಗ. ನಾನು ಇನ್ನೊಮ್ಮೆ ಆ ನೀರಿಗೆ ಬರ್ಲಿಕ್ಕಿಲ್ಲ. ಇಲ್ಲೇ ಇರ್ತೇನೆ. ನಾನೇ ಕೊರೆದ ಜಾಗ, ಬೇರೆಯವರದ್ದಲ್ಲ."

ವಸಂತನ ಬಾಯಿಯಲ್ಲಿ ಗಿಡ್ಡದ್ದು ಇತ್ತು. ಬಾವಿಯಿಂದ ಇಲ್ಲಿಯವರೆಗೆ ಗಾಳಿ ಕೊಟ್ಟದ್ದು ಅದು. ಕೊರಳಿನ ರಬ್ಬರು ಬಳ್ಳಿಯನ್ನು ತಲೆಯ ಮೇಲಿಂದ ತೆಗೆದ. ಬಾಯಿಯಿಂದ ರಬ್ಬರು ತೆಗೆದು, ಅಭ್ಯಾಸಬಲದಿಂದ ನೀರಿನಲ್ಲಿ ಅದ್ದಲು ಹೋದ. ಕೈ ಅಲ್ಲೇ ನಿಂತಿತು. ಜೊಲ್ಲಿನ ಸಮೇತ ಹಾಗೇ ಮಾವನ ತುಟಿಗೆ ತಾಗಿಸಿದ.

"ಮಾವ, ಇದು ನನ್ನ ಬಾಯಿಯದ್ದು. ಎಂಜಲು."

ಲೋಕಯ್ಯ ರಬ್ಬರನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನೀನು ಇದರಲ್ಲಿ ಉಸಿರು ತೆಗೆದು ಬಂದದ್ದಾ?"

"ಹೌದು."

"ಹಾಗಾದ್ರೆ ಅದನ್ನೇ ಮೊದಲು ಕೊಡಬಾರದಿತ್ತಾ ಮಾರಾಯ?" ಎಂದು ಬಾಯಿ ತೆರೆದರು.

ಆದರೆ ಅದು ಗಿಡ್ಡ ಪೈಪು. ಮುಂದೆ ಒಬ್ಬ, ಹಿಂದೆ ಒಬ್ಬ ಹೋಗುವಷ್ಟು ಉದ್ದ ಇಲ್ಲ. ವಸಂತ ಮಾವನ ಬೆನ್ನನ್ನು ತನ್ನ ಎದೆಗೆ ಒತ್ತಿಕೊಂಡ, ಕೆನ್ನೆಗೆ ಕೆನ್ನೆ ತಾಗಿಸಿದ, ಒಂದು ಕೈಯಿಂದ ಅವರ ಹೊಟ್ಟೆ ಬಳಸಿ ಹಿಡಿದ. ಚಿಕ್ಕಂದಿನಲ್ಲಿ ಬಾವಿಯೊಳಗೆ ಅವನನ್ನು ಅವರು ಹಿಡಿದಿದ್ದದ್ದೂ ಹೀಗೆಯೇ. ತಾನು ಕೆಸರಿನ ಪೈಪನ್ನು ಕಚ್ಚಿದ. ಹಲ್ಲು ಬಿಗಿಹಿಡಿದು, ನಾಲಿಗೆ ಅಡ್ಡ ಇಟ್ಟು, ನೀರನ್ನು ಆ ಕಡೆ ಗಾಳಿಯನ್ನು ಈ ಕಡೆ ಮಾಡಿ ಹೀರಬೇಕು. ಬಂದ ಕೆಸರನ್ನು ನುಂಗಬೇಕು. ಕೆಮ್ಮಿದರೆ ಮುಗಿಯಿತು.

ಇಬ್ಬರೂ ಮುಳುಗಿದರು. ಹಗ್ಗ ಹಿಡಿಯುವುದಕ್ಕೆ ಎರಡೇ ಬೆರಳು ಉಳಿದಿದ್ದವು. ಮಾವನ ಮೈ ಮೇಲಕ್ಕೆ ತೇಲಿ ಮಾಡಿಗೆ ಉಜ್ಜುತ್ತಿತ್ತು, ಅದನ್ನು ಕೆಳಕ್ಕೆ ಎಳೆಯಬೇಕು, ಮುಂದಕ್ಕೆ ದೂಡಬೇಕು. ಕೆನ್ನೆಗೆ ತಾಗಿದ ಕೆನ್ನೆಯೊಳಗೆ ಮಾವನ ಉಸಿರು ಹೋಗುವುದು, ಬರುವುದು ಅವನಿಗೆ ತಿಳಿಯುತ್ತಿತ್ತು. ಒಮ್ಮೆ ಅದು ನಿಂತಿತು. ಅವನ ಜೀವವೂ ನಿಂತಿತು. ಮತ್ತೆ ಬಂತು. ಪ್ರತಿ ಉಸಿರಿಗೂ ಗಂಟಲಿಗೆ ಮಣ್ಣು. ಮೂಸಾಕ ಅಲ್ಲಿ ಇಲ್ಲದಿದ್ದರೆ? ಗಾಳಿ ಮುಗಿದು ಹಿಂದೆ ಹೋಗಿದ್ದರೆ? ಆ ಯೋಚನೆ ಬಂದದ್ದೇ ಅವನ ಮೂತ್ರ ಬೆಚ್ಚಗೆ ಹರಿಯಿತು.

ಮಾವನ ಮೈ ತಟಕ್ಕನೆ ನಿಂತಿತು. ಇಕ್ಕಟ್ಟು ಬಂದಿತ್ತು. ಆ ಕಡೆಯಿಂದ ಒಂದು ದಪ್ಪ ಕೈ ಬಂದು ಮಾವನ ತಲೆ ಮುಟ್ಟಿತು, ಮುಖ ಮುಟ್ಟಿತು, ಬಾಯಿಯ ಪೈಪು ಮುಟ್ಟಿತು. ಪೈಪಿನ ಉದ್ದ ಅಳೆಯಿತು. ಆ ಪೈಪು ಎಲ್ಲಿಗೆ ಹೋಗುತ್ತದೆ ಎಂದು ತಡವುತ್ತಾ ವಸಂತನ ಭುಜಕ್ಕೆ ಬಂತು. ಅವನ ಬಾಯಿಯ ಹತ್ತಿರ ಬಂತು. ಅಲ್ಲಿ ಕಚ್ಚಿದ್ದು ಉದ್ದದ್ದು ಎಂದು ತಿಳಿದು ಒಂದು ಕ್ಷಣ ತಡೆಯಿತು. ಆಮೇಲೆ ತಡಮಾಡಲಿಲ್ಲ. ಮೂಸಾಕ ತಮ್ಮ ಬಾಯಿಯಲ್ಲಿದ್ದುದನ್ನು ತೆಗೆದು ಗಿಡ್ಡದ್ದರ ಬದಲು ಲೋಕಯ್ಯನವರ ಬಾಯಿಗೆ ಇಟ್ಟದ್ದು ವಸಂತನಿಗೆ ಕಾಣಲಿಲ್ಲ, ಆದರೆ ಕೆನ್ನೆಯ ಪಕ್ಕ ಗಾಳಿಗುಳ್ಳೆ ಭುಸ್ಸೆಂದು ಹೋದದ್ದು ತಿಳಿಯಿತು. ಮಾವನ ಮೈ ಅವನ ತೋಳಿನಿಂದ ಜಾರಿ, ಕಲ್ಲುಗಳ ನಡುವೆ ತೂರಿಕೊಂಡು, ಹೊರಟುಹೋಯಿತು.

ಈಗ ಅವನೊಬ್ಬನೇ. ಕೆಸರಿನ ಪೈಪಿನಲ್ಲಿ ಗಾಳಿಗಿಂತ ನೀರೇ ಜಾಸ್ತಿ ಬರುತ್ತಿತ್ತು. ಅದನ್ನು ಉಗುಳಿ ಗಿಡ್ಡದ್ದಕ್ಕಾಗಿ ಗಲ್ಲದ ಕೆಳಗೆ ಕೈ ಹಾಕಿದ. ಇರಲಿಲ್ಲ. ಇರಬೇಕಾದ ಜಾಗದಿಂದ ಅವನೇ ತೆಗೆದಿದ್ದ. ಎದೆಯ ಮೇಲೆ ತಡವಿದ, ಇಲ್ಲ. ಕೆಳಗಿನ ಕೆಸರಿನಲ್ಲಿ ತಡವಿದ. ಕಲ್ಲು ಸಿಕ್ಕಿತು, ಬಟ್ಟೆಯ ತುಂಡು ಸಿಕ್ಕಿತು. ಎದೆಯೊಳಗೆ ಯಾರೋ ಹಿಂಡುತ್ತಿದ್ದರು. ಬಾಯಿ ತಾನಾಗಿ ತೆರೆಯಲು ನೋಡುತ್ತಿತ್ತು. ಅಮ್ಮಾ ಎಂದು ಕೂಗಬೇಕೆನಿಸಿತು. ಕೂಗಿದರೆ ಒಳಗೆ ನೀರೇ. ಕೊನೆಗೆ ಕೈಯನ್ನು ಬೆನ್ನಿಗೆ ತಿರುಚಿ, ಸಿಲಿಂಡರಿನ ಕುತ್ತಿಗೆ ಹಿಡಿದು, ಅಲ್ಲಿಂದ ಹೊರಡುವ ಪೈಪನ್ನು ಬೆರಳಿನಿಂದ ಹಿಂಬಾಲಿಸಿ ಭುಜ ದಾಟಿ ಕಂಕುಳಿಗೆ ಬಂದ. ಅಲ್ಲಿ ಸಿಕ್ಕಿಕೊಂಡಿತ್ತು. ಕಚ್ಚಿ ಎಳೆದಾಗ ಬಂದ ಗಾಳಿ ಮಾವನ ಎಲೆಅಡಿಕೆಯ ವಾಸನೆ ಹೊಡೆಯುತ್ತಿತ್ತು.

ಅವನು ಬಾವಿಯಲ್ಲಿ ಮೇಲೆ ಬಂದಾಗ ಲೋಕಯ್ಯನವರನ್ನು ಹಗ್ಗದ ಕುರ್ಚಿಯಲ್ಲಿ ಎತ್ತುತ್ತಿದ್ದರು. ಜನ ಕೂಗುತ್ತಿದ್ದರು. ಕಾವೇರಮ್ಮ ಗಂಡನನ್ನು ನೋಡಿ ಅಳಲಿಲ್ಲ. "ಇನ್ನು ಸುರಂಗ ಅಂತ ಹೇಳಿ, ನೋಡುವ," ಎಂದು ಅವರ ಬೆನ್ನಿಗೆ ಒಂದು ಗುದ್ದಿದರು. ಆಮೇಲೆ ಆ ಬೆನ್ನನ್ನೇ ಹಿಡಿದುಕೊಂಡರು.

ಮೂಸಾಕ ಮೆಟ್ಟಿಲಲ್ಲಿ ಕುಳಿತಿದ್ದರು.  ವಸಂತ ಹತ್ತಿರ ಹೋಗಿ ನಿಂತ. 

"ನೀರಿನೊಳಗೆ ಇಷ್ಟು ವರ್ಷ ಇದ್ದೆ," ಎಂದರು ಮೂ‌ಸಾಕ, ಅವನನ್ನು ನೋಡದೆ. "ಇವತ್ತಿನ ಹಾಗೆ ಹೆದರಿದ್ದಿಲ್ಲ. ನಿನ್ನನ್ನು ಒಬ್ಬನೇ ದೂಡಿದೆ, ಅದು ನನ್ನ ತಪ್ಪು. ಅದಕ್ಕೆ ನಾನು ಉತ್ತರ ಕೊಡ್ತೇನೆ. ಆದರೆ ಆ ಪೈಪು ಮುಟ್ಟಿ ನೋಡಿದಾಗ... ನಿನ್ನೊಟ್ಟಿಗೆ ಇನ್ನು ಇಳಿಯುವುದಿಲ್ಲ ವಸಂತ. ನನಗೆ ನೀರಿನ ಹೆದರಿಕೆ ಅಲ್ಲ. ನಿನ್ನ ಮರ್ಯಾದೆಯ ಹೆದರಿಕೆ."

ಎದ್ದು ಸಿಲಿಂಡರುಗಳನ್ನು ತಾವೇ ಹೊತ್ತುಕೊಂಡು ಹೋದರು.

ಮಾವ ಬೇಗ ಚೇತರಿಸಿಕೊಂಡರು. ವಸಂತ ಚೇತರಿಸಿಕೊಳ್ಳಲಿಲ್ಲ. ಸ್ನಾನಕ್ಕೆ ತಲೆಯ ಮೇಲೆ ನೀರು ಸುರಿದುಕೊಳ್ಳುವುದನ್ನೇ ಬಿಟ್ಟಿದ್ದ. ಬಾವಿ ಕೆಲಸಕ್ಕೆ ಕರೆಯಲು ಬಂದವರಿಗೆ ಜ್ವರ ಎಂದು ಹೇಳಿ ಕಳಿಸುತ್ತಿದ್ದ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ನೀರನ್ನು ಬಿಟ್ಟರೆ ಅವನು ಏನೂ ಅಲ್ಲ. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ನರಿಕೊಂಬಿಗೆ ಹೋದ.

ನಬೀಸಾ ಬಾಗಿಲಲ್ಲಿ ಅವನನ್ನು ನೋಡಿ ಒಳಗೆ ಕೂಗಿದರು. "ನಿಮ್ಮ ಸಿಟ್ಟು ಬಂದಿದೆ ನೋಡಿ, ಜಗಲಿಯಲ್ಲಿ ಕೂತಿದೆ. ಚಹಾ ಕೊಡುವುದಾ, ಓಡಿಸುವುದಾ?"

ಮೂಸಾಕ ಹೊರಗೆ ಬಂದರು.  ಇಬ್ಬರೂ ಚಹಾ ಕುಡಿದು ಮುಗಿಸಿದರು. ಆಮೇಲೆ ಒಳಗಿನಿಂದ ಸಲಕರಣೆ ತಂದು ಅವನ ಮುಂದೆ ಇಟ್ಟರು.

"ಕಟ್ಟು."

ವಸಂತ ಕಟ್ಟಿಕೊಂಡ. ಉದ್ದದ್ದು ಬಾಯಿಗೆ, ಗಿಡ್ಡದ್ದು ಗಲ್ಲದ ಕೆಳಗೆ. ಮೂಸಾಕ ಎಲ್ಲ ಬಿಚ್ಚಿಸಿದರು. ಮತ್ತೆ ಕಟ್ಟಿಸಿದರು. ಕಣ್ಣು ಮುಚ್ಚಿಸಿ ಕಟ್ಟಿಸಿದರು. ನಬೀಸಾ ಊಟಕ್ಕೆ ಕರೆದರೂ ಬಿಡಲಿಲ್ಲ. ಆಮೇಲೆ ಮನೆಯ ಹಿಂದಿನ ದಾರಿಯಲ್ಲಿ ನೇತ್ರಾವತಿ ಹೊಳೆಗೆ ಕರೆದುಕೊಂಡು ಹೋದರು.

ಎದೆಯವರೆಗೆ ನೀರು ಬಂದದ್ದೇ ವಸಂತ ನಿಂತುಬಿಟ್ಟ. ಮೂಸಾಕ ಅವನ ಎದುರು ನಿಂತು ಕುಳಿತುಕೋ ಎಂದು ಕೈ ಮಾಡಿದರು. ಇಬ್ಬರೂ ಮರಳಿನ ಮೇಲೆ ಮೊಣಕಾಲೂರಿದರು. ತಲೆಯ ಮೇಲೆ ಮೊಳದಷ್ಟೂ ನೀರಿಲ್ಲ, ಬೆಳಕು ಚೂರು ಚೂರಾಗಿ ಬೀಳುತ್ತಿತ್ತು. ಆದರೂ ಅವನ ಕಣ್ಣ ಮುಂದೆ ಅದೇ ಕೆಂಪು ಗೋಡೆ ಬಂದು ನಿಂತಿತು. ಎದ್ದುಬಿಡಲೇ ಎಂದುಕೊಂಡ.

ಆಗ ಮೂಸಾಕ ಸನ್ನೆ ಇಲ್ಲ, ಸೂಚನೆ ಇಲ್ಲ, ಕೈ ಚಾಚಿ ಅವನ ಬಾಯಿಯಿಂದ ರಬ್ಬರನ್ನು ಸೆಳೆದುಕೊಂಡುಬಿಟ್ಟರು. ಸಾಯುವವನು ಕೇಳಿ ತೆಗೆದುಕೊಳ್ಳುವುದಿಲ್ಲ. ಬಾಯಿ ತುಂಬ ಹೊಳೆ ನೀರು. ವಸಂತನ ಮೈಯ ರೋಮ ರೋಮವೂ ಏಳು, ಓಡು ಎಂದಿತು. ಅವನು ಏಳುವ ಮೊದಲೇ ಕೈ ಗಲ್ಲದ ಕೆಳಗೆ ಹೋಗಿತ್ತು. ಅಲ್ಲಿ ಇತ್ತು. ಕಚ್ಚಿದ. ನೀರು ಊದಿದ. ಗಾಳಿ ಬಂತು.

ಎದುರಿಗೆ ಮೂಸಾಕ ಅವನ ಬಾಯಿಯದ್ದನ್ನು ತಮ್ಮ ಬಾಯಿಯಲ್ಲಿಟ್ಟುಕೊಂಡು ಉಸಿರಾಡುತ್ತಾ, ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದರು.  ವಸಂತ ಏಳಲಿಲ್ಲ.